ಬೂದಿಯೋ ಡೌನಿಯೋ? ಫೋನ್ ತೆರೆಯುವ ಮೊದಲು ಮಗುವಿಗೆ ಗೊತ್ತಿರಬೇಕಾದದ್ದು

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ನಾನು ತಿಕೋಟಾ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರ, ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ. ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ. ‘ಎಲ್ಲವೂ ಫೋನಿನಲ್ಲಿ ಸಿಗುತ್ತದೆ, ಮಗ್ಗಿ, ಇಸವಿ, ಪದ್ಯಗಳನ್ನು ಯಾಕೆ ಬಾಯಿಪಾಠ ಮಾಡಬೇಕು?’ ಎಂದು ಕೇಳುತ್ತಾಳೆ. ಹೋದ ತಿಂಗಳ ಸಭೆಯಲ್ಲಿಯೂ ಕೆಲವು ಪಾಲಕರು ಇದೇ ಮಾತು ತೆಗೆದರು. ಹಳೆಯದನ್ನೆಲ್ಲ ಬಿಟ್ಟು ಕಂಪ್ಯೂಟರ್ ಕಲಿಸಿರಿ ಎಂದು ಹಟ ಹಿಡಿದರು. ನನಗೆ ಉತ್ತರ ಹೊಳೆಯಲಿಲ್ಲ. ಇನ್ನೊಂದು ಸಂಗತಿ. ಕಳೆದ ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವ ಕೆಲಸದ) ನಂತರ ಮೂರು ದಿನ ಮಳೆ ಹಿಡಿಯಿತು. ಎಲೆಗಳ ಮೇಲೆ ಹಳದಿ ಮಚ್ಚೆ, ಅಡಿಯಲ್ಲಿ ಬಿಳುಪು ಕಾಣಿಸಿತು. ಮಗಳೇ ಫೋನಿನಲ್ಲಿ ‘ದ್ರಾಕ್ಷಿ ಎಲೆ ಬಿಳಿ ಪುಡಿ’ ಎಂದು ಹುಡುಕಿ, ಗಂಧಕ ಹೊಡೆಯಬೇಕು ಎಂದಳು. ಹೊಡೆದೆ. ರೋಗ ನಿಲ್ಲಲಿಲ್ಲ, ಅರ್ಧದಷ್ಟು ಗೊನೆ ಹೋಯಿತು. ಅವಳು ಅಂದಿನಿಂದ ಮಂಕಾಗಿದ್ದಾಳೆ. ಶಾಲೆಯಲ್ಲಿ ಏನು ಕಲಿತಿದ್ದರೆ ಇದು ತಪ್ಪುತ್ತಿತ್ತು?

ಉತ್ತರ:

ಅಣ್ಣಾವರೇ, ನಿಮ್ಮ ತೋಟದಿಂದಲೇ ಶುರು ಮಾಡುತ್ತೇನೆ. ಮಗಳ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ಮೊದಲು ಆ ಹುಡುಗಿಗೆ ಹೇಳಿ, ತಪ್ಪು ಅವಳದಲ್ಲ. ಫೋನ್ ಕೂಡ ಸುಳ್ಳು ಹೇಳಲಿಲ್ಲ. ಅವಳು ‘ಬಿಳಿ ಪುಡಿ’ ಎಂದು ಕೇಳಿದಳು, ಅದು ಬೂದಿ ರೋಗದ ಬಗ್ಗೆ ಹೇಳಿತು. ಬೂದಿ ರೋಗಕ್ಕೆ ಗಂಧಕ ಸರಿಯಾದ ಔಷಧವೇ. ಆದರೆ ನೀವು ಬರೆದಿರುವ ಲಕ್ಷಣಗಳು ಬೂದಿ ರೋಗದವಲ್ಲ, ಡೌನಿ ಎಂಬ ಇನ್ನೊಂದು ರೋಗದವು. ಬೂದಿ ರೋಗದಲ್ಲಿ ಒಲೆಯ ಬೂದಿಯನ್ನು ಎಲೆಯ ಮೇಲೆ ಉದುರಿಸಿದಂತೆ ಕಾಣುತ್ತದೆ, ಒರೆಸಿದರೆ ಬೆರಳಿಗೆ ಹತ್ತುತ್ತದೆ, ಅದು ಬರಲು ಮಳೆ ಬೇಕಿಲ್ಲ. ಡೌನಿಗೆ ತೇವ ಬೇಕೇ ಬೇಕು. ಎಲೆಯ ಮೇಲ್ಬದಿಗೆ ಎಣ್ಣೆ ಸೋಕಿದಂಥ ಹಳದಿ ಮಚ್ಚೆ ಬೀಳುತ್ತದೆ, ಬೆಳಗಿನ ಹೊತ್ತು ಎಲೆ ತಿರುವಿದರೆ ಅದೇ ಮಚ್ಚೆಯ ಅಡಿಯಲ್ಲಿ ಹತ್ತಿಯಂಥ ಬಿಳುಪು ಕಾಣುತ್ತದೆ. ಕಣ್ಣಿಗೆ ಎರಡೂ ಬೆಳ್ಳಗೆ, ಆದರೆ ಎರಡೂ ಬೇರೆ ಬೇರೆ ಜೀವಿಗಳು. ಗಂಧಕ ಡೌನಿಯನ್ನು ತಡೆಯುವುದಿಲ್ಲ. ಅದಕ್ಕೆ ಮೈಲುತುತ್ತ ಮತ್ತು ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣದಂಥವು ಬೇಕು. ಆ ದ್ರಾವಣ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದದ್ದೇ ಡೌನಿಗಾಗಿ. (ಪತ್ರ ಓದಿ ರೋಗ ಹೇಳುವುದು ನನ್ನ ಕೆಲಸವಲ್ಲ. ಈ ಸಲ ಔಷಧ ಹೊಡೆಯುವ ಮೊದಲು ನಾಲ್ಕು ಎಲೆಗಳನ್ನು ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ.)

ಈಗ ಗಮನಿಸಿ. ‘ಡೌನಿ’ ಎಂಬ ಹೆಸರು, ಬೂಜಿನಂಥ ಜೀವಿಗಳಲ್ಲಿ ಹಲವು ಬಗೆ ಇವೆ ಎಂಬ ತಿಳಿವಳಿಕೆ, ತೇವಕ್ಕೂ ರೋಗಕ್ಕೂ ಸಂಬಂಧ ಇದೆ ಎಂಬ ಅರಿವು, ಎಲೆಯ ಎರಡೂ ಬದಿ ನೋಡಬೇಕು ಎಂಬ ಅಭ್ಯಾಸ: ಇವು ನಾಲ್ಕೂ ಹುಡುಕುವುದಕ್ಕಿಂತ ಮೊದಲೇ ಅವಳ ತಲೆಯಲ್ಲಿ ಇರಬೇಕಾಗಿತ್ತು. ಇದ್ದಿದ್ದರೆ ಅದೇ ಫೋನ್ ಅರ್ಧ ನಿಮಿಷದಲ್ಲಿ ಸರಿಯಾದ ದಾರಿ ತೋರಿಸುತ್ತಿತ್ತು. ಏನೂ ಗೊತ್ತಿಲ್ಲದವರಿಗೆ ಫೋನಿನಿಂದ ಸಿಗುವುದು ಬಹಳ ಕಡಿಮೆ, ಒಂದಿಷ್ಟು ಗೊತ್ತಿರುವವರಿಗೆ ಬಹಳ ಹೆಚ್ಚು. ಮೂವತ್ತೊಂದು ವರ್ಷ ಪಾಠ ಹೇಳಿ, ಆಮೇಲೆ ಶಿಕ್ಷಕರಿಗೆ ತರಬೇತಿ ಕೊಟ್ಟ ನಾನು ನಿಮ್ಮ ಸಭೆಗೆ ಹೇಳಬಯಸುವುದು ಇದನ್ನೇ. ಹೊರಗೆ ಮಾಹಿತಿ ಹೆಚ್ಚಾದಷ್ಟೂ ಮಗುವಿನ ತಲೆಯೊಳಗೆ ಇರಬೇಕಾದದ್ದು ಹೆಚ್ಚಾಗುತ್ತದೆ, ಕಡಿಮೆಯಾಗುವುದಿಲ್ಲ.

ಹೀಗೇಕೆ ಎಂಬುದನ್ನು ನಮ್ಮ ಮನೆಯ ಸಾಮಾನಿನಲ್ಲಿಯೇ ಹೇಳುತ್ತೇನೆ. ನಮ್ಮ ಅಜ್ಜಂದಿರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗಿನ ಆ ಗುಂಡಿ ಎಷ್ಟು ಚೀಲ ಸುರಿದರೂ ನುಂಗುತ್ತಿತ್ತು. ಆದರೆ ಕೇರುವ ಮೊರದಲ್ಲಿ ಹಿಡಿಯುವುದು ನಾಲ್ಕು ಬೊಗಸೆ ಮಾತ್ರ. ಮನಸ್ಸಿನ ರಚನೆಯೂ ಹಾಗೆಯೇ ಇದೆ. ಈ ಕ್ಷಣ ಎದುರಿಗಿಟ್ಟುಕೊಂಡು ಯೋಚಿಸುವ ಜಾಗ ತುಂಬ ಚಿಕ್ಕದು. ಒಂದು ಹೊತ್ತಿಗೆ ಏಳು ಸಂಗತಿಗಳ ಆಸುಪಾಸು ಎಂದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು, ಮುಂದೆ ಬಂದವರು ನಾಲ್ಕೇ ಎಂದರು. ಆದರೆ ಬಹುಕಾಲದ ನೆನಪು ಎಂಬ ಹಗೇವಿಗೆ ಅಂಥ ಮಿತಿ ಕಾಣುವುದಿಲ್ಲ. ಅಲ್ಲಿಂದ ಬಂದದ್ದು ಮೊರದಲ್ಲಿ ಹೆಚ್ಚು ಜಾಗ ಹಿಡಿಯುವುದಿಲ್ಲ. ಹೊರಗಿನಿಂದ ಹೊಸದಾಗಿ ಬಂದ ಒಂದೊಂದು ಕಾಳೂ ಜಾಗ ಹಿಡಿಯುತ್ತದೆ.

ಮಗ್ಗಿಯ ಮಾತು ಇಲ್ಲಿಗೇ ಬರುತ್ತದೆ. ಔಷಧದ ಚೀಟಿಯಲ್ಲಿ ‘ಹೆಕ್ಟೇರಿಗೆ ಎರಡೂವರೆ ಕಿಲೋ’ ಎಂದಿದೆ ಎಂದುಕೊಳ್ಳಿ. ನಿಮ್ಮದು ಎರಡು ಎಕರೆ. ಒಂದು ಹೆಕ್ಟೇರ್ ಎಂದರೆ 2.47 ಎಕರೆ. ಹಾಗಾದರೆ ಎಕರೆಗೆ ಹೆಚ್ಚು ಕಡಿಮೆ ಒಂದು ಕಿಲೋ, ನಿಮ್ಮ ತೋಟಕ್ಕೆ ಎರಡು ಕಿಲೋ. ಫೋನಿನ ಕ್ಯಾಲ್ಕುಲೇಟರ್ ಈ ಲೆಕ್ಕವನ್ನು ತಪ್ಪದೇ ಮಾಡುತ್ತದೆ, ನಿಜ. ಆದರೆ ಹೆಕ್ಟೇರನ್ನು ಎಕರೆ ಎಂದು ಓದಿ ಎರಡು ಎಕರೆಗೆ ಐದು ಕಿಲೋ ಸುರಿಯಲು ಹೊರಟಾಗ ‘ಇದು ಯಾಕೋ ಬಹಳವಾಯಿತಲ್ಲ’ ಎಂದು ಕೈ ತಡೆಯುವುದು ಕ್ಯಾಲ್ಕುಲೇಟರ್ ಅಲ್ಲ. ಅಂಕಿಗಳೊಂದಿಗೆ ವರ್ಷಗಟ್ಟಲೆ ಒಡನಾಡಿದ ತಲೆ ಅದು. ಏಳೆಂಟಲ ಐವತ್ತಾರು ಎಂದು ತಟ್ಟನೆ ಬಾರದ ಮಗು ಭಿನ್ನರಾಶಿಯ ಲೆಕ್ಕಕ್ಕೆ ಕುಳಿತರೆ, ಅದರ ಮೊರವೆಲ್ಲ ಗುಣಾಕಾರದಿಂದಲೇ ತುಂಬಿಹೋಗುತ್ತದೆ, ಭಿನ್ನರಾಶಿಗೆ ಜಾಗವೇ ಉಳಿಯುವುದಿಲ್ಲ. ಅದು ದಡ್ಡ ಮಗುವಲ್ಲ, ಮೊರ ತುಂಬಿದ ಮಗು. ಇಂಥ ಮಕ್ಕಳನ್ನು ‘ಗಣಿತ ತಲೆಗೆ ಹೋಗುವುದಿಲ್ಲ’ ಎಂದು ಹಿಂದಿನ ಸಾಲಿಗೆ ಕಳಿಸಿದ ಶಾಲೆಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಓದಿನಲ್ಲಿಯೂ ಇದೇ ನ್ಯಾಯ. 1988ರಲ್ಲಿ ಅಮೆರಿಕದ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬ ಸಂಶೋಧಕಿಯರು ನಿಮ್ಮ ಮಗಳ ವಯಸ್ಸಿನ ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಓದಲು ಕೊಟ್ಟರು. ಓದಿದ್ದನ್ನು ಪುಟ್ಟ ಮೈದಾನದ ಮಾದರಿಯ ಮೇಲೆ ಗೊಂಬೆಗಳನ್ನು ನಡೆಸಿ ತೋರಿಸಬೇಕು. ಓದಿನಲ್ಲಿ ಹಿಂದುಳಿದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಚೆನ್ನಾಗಿ ಓದುವ ಆದರೆ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಮುಂದೆ ಬಂದರು. ನಮ್ಮಲ್ಲಿ ಕಬಡ್ಡಿಯ ವರದಿ ಕೊಟ್ಟು ನೋಡಿ, ಇದೇ ಆಗುತ್ತದೆ. ‘ಓದುವುದನ್ನು ಕಲಿಸಿದರೆ ಸಾಕು, ವಿಷಯವನ್ನು ಮಗು ತಾನೇ ಹುಡುಕಿಕೊಳ್ಳುತ್ತದೆ’ ಎನ್ನುವವರು ಈ ಸಂಗತಿಯನ್ನು ಮರೆಯುತ್ತಾರೆ. ವಿಷಯ ಗೊತ್ತಿರುವುದೇ ಓದಿನ ಅರ್ಧ ಶಕ್ತಿ.

ಇಷ್ಟು ಹೇಳಿದ ಮೇಲೆ, ನಿಮ್ಮ ಮಗಳು ಎಲ್ಲಿ ಸರಿ ಎಂಬುದನ್ನೂ ಹೇಳಬೇಕು. ಅವಳ ಸಿಟ್ಟಿನ ಅರ್ಧ ಭಾಗ ಪೂರ್ತಿ ನ್ಯಾಯವಾದದ್ದು.

ನಮ್ಮ ಬಹಳಷ್ಟು ತರಗತಿಗಳಲ್ಲಿ ಕಲಿಕೆಯ ಹೆಸರಿನಲ್ಲಿ ನಡೆಯುವುದು ಪ್ರಶ್ನೋತ್ತರ ಬರೆಸುವುದು. ಪಾಠದ ಕೊನೆಯ ಪ್ರಶ್ನೆಗಳಿಗೆ ಶಿಕ್ಷಕರು ಉತ್ತರವನ್ನು ಹಲಗೆಯ ಮೇಲೆ ಬರೆಯುತ್ತಾರೆ, ಮಕ್ಕಳು ನೋಟ್‌ಬುಕ್ಕಿಗೆ ಇಳಿಸುತ್ತಾರೆ, ಪರೀಕ್ಷೆಯಲ್ಲಿ ಅದೇ ವಾಕ್ಯವನ್ನು ತಿರುಗಿ ಬರೆಯುತ್ತಾರೆ. ನಾನೂ ಮೊದಲ ಹತ್ತು ವರ್ಷ ಹೀಗೆಯೇ ಮಾಡಿದೆ. ನನ್ನನ್ನು ಎಚ್ಚರಿಸಿದವನು ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಊರಿನ ಒಬ್ಬ ಹುಡುಗ. ‘ಕೃಷ್ಣಾ ನದಿಯು ಮಹಾಬಳೇಶ್ವರದಲ್ಲಿ ಹುಟ್ಟುತ್ತದೆ’ ಎಂದು ಒಂದು ಅಕ್ಷರ ತಪ್ಪದೇ ಬರೆದಿದ್ದ, ಹತ್ತಕ್ಕೆ ಹತ್ತು ಕೊಟ್ಟಿದ್ದೆ. ಆ ವಾರ ಮಕ್ಕಳನ್ನು ಕರೆದುಕೊಂಡು ದಂಡೆಗೆ ಹೋದಾಗ ಅವನನ್ನೇ ಕೇಳಿದೆ, ‘ಇದು ಯಾವ ನದಿ?’ ಅವನು ನನ್ನನ್ನು ವಿಚಿತ್ರವಾಗಿ ನೋಡಿ ‘ಹೊಳೆರೀ’ ಎಂದ. ದಿನಾ ಎತ್ತಿಗೆ ನೀರು ಕುಡಿಸುವ ಹೊಳೆಯೂ ಪುಸ್ತಕದ ಕೃಷ್ಣೆಯೂ ಒಂದೇ ಎಂಬುದು ಅವನಿಗೆ ಗೊತ್ತಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಅವನಿಗೆ ಒಂದು ವಾಕ್ಯ ಕಲಿಸಿದ್ದೆ, ನದಿಯನ್ನು ಕಲಿಸಿರಲಿಲ್ಲ.

ಇಂಥ ಬಾಯಿಪಾಠ ಹೋಗಲೇಬೇಕು. ಅಂತರ್ಜಾಲ ಬರುವ ಮೊದಲೇ ಹೋಗಬೇಕಾಗಿತ್ತು. ಅದನ್ನು ತೆಗೆದರೆ ವಾರಕ್ಕೆ ಹಲವು ಅವಧಿಗಳು ಉಳಿಯುತ್ತವೆ, ನಾನು ಮುಂದೆ ಹೇಳುವುದಕ್ಕೆಲ್ಲ ಆ ಸಮಯ ಸಾಕು. ಆದರೆ ಬಾಯಿಪಾಠವನ್ನು ಬಿಡುವ ಭರದಲ್ಲಿ ನೆನಪನ್ನೇ ಬಿಡಬಾರದು. ಎರಡೂ ಒಂದಲ್ಲ. ಅರ್ಥವಾದದ್ದನ್ನು ಪುಸ್ತಕ ಮುಚ್ಚಿ ತಾನಾಗಿ ಹೊರಗೆ ತರುವ ಪ್ರಯತ್ನದಿಂದ ನೆನಪು ಗಟ್ಟಿಯಾಗುತ್ತದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದೇ ಸಲ ಓದಿ, ಮೂರು ಸಲ ಪುಸ್ತಕವಿಲ್ಲದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ನಾಲ್ಕು ಸಲ ಓದಿದವರೇ ಮುಂದೆ. ವಾರದ ನಂತರ ಕೇಳಿದರೆ ಅವರಿಗೆ ನೆನಪಿದ್ದದ್ದು ಶೇಕಡಾ 40, ನೆನಪಿನಿಂದ ಬರೆದವರಿಗೆ ಶೇಕಡಾ 61. ಇದಕ್ಕೆ ಖರ್ಚಿಲ್ಲ, ಸ್ಮಾರ್ಟ್ ಬೋರ್ಡ್ ಬೇಡ. ಪಾಠ ಮುಗಿದ ಮೇಲೆ ‘ಪುಸ್ತಕ ಮುಚ್ಚಿರಿ, ಪಕ್ಕದವರಿಗೆ ನಿಮ್ಮ ಮಾತಿನಲ್ಲಿ ಹೇಳಿರಿ’ ಎಂದರೆ ಸಾಕು.

ಫೋನ್ ಈ ಪ್ರಯತ್ನವನ್ನೇ ಕಸಿದುಕೊಳ್ಳುತ್ತದೆ. ಅಷ್ಟೇ ಅಲ್ಲ, ನಮ್ಮ ಬಗ್ಗೆ ನಮಗೇ ತಪ್ಪು ತಿಳಿವಳಿಕೆ ಹುಟ್ಟಿಸುತ್ತದೆ. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದಂತೆ, ಅಂತರ್ಜಾಲದಲ್ಲಿ ಉತ್ತರ ಹುಡುಕಿದವರು, ತಾವು ಹುಡುಕದೇ ಇದ್ದ ಬೇರೆ ವಿಷಯಗಳನ್ನೂ ಚೆನ್ನಾಗಿ ವಿವರಿಸಬಲ್ಲೆವು ಎಂದು ನಂಬಿಬಿಡುತ್ತಾರೆ. ನೆರೆಮನೆಯ ಹಗೇವು ನೋಡಿ ಬಂದು, ನಮ್ಮ ಮನೆಯಲ್ಲಿ ಜೋಳ ಇದೆ ಎಂದುಕೊಂಡಂತೆ.

ಇಸವಿಗಳ ವಿಷಯಕ್ಕೆ ಬರುತ್ತೇನೆ. ಐವತ್ತು ಇಸವಿ ಬೇಡ. ಹನ್ನೊಂದು–ಹನ್ನೆರಡು ಗಂಟುಗಳಿರುವ ಒಂದು ಹಗ್ಗ ಸಾಕು, ಆದರೆ ಅದು ಮಗುವಿನ ಕೈಯಲ್ಲಿಯೇ ಇರಬೇಕು. ಬಾದಾಮಿಯಲ್ಲಿ ಮೊದಲನೆಯ ಪುಲಕೇಶಿಯ ಕೋಟೆ 543. ಐಹೊಳೆಯ ಮೇಗುಟಿ ಶಾಸನ 634. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ. ವಿಜಯನಗರ 1336. ರಕ್ಕಸಗಿ–ತಂಗಡಗಿಯ ಯುದ್ಧ 1565. ಗೋಳಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲ್ ಶಾಹ ತೀರಿಕೊಂಡದ್ದು 1656. ಔರಂಗಜೇಬನಿಗೆ ಬಿಜಾಪುರ ಶರಣಾದದ್ದು 1686. ಕಿತ್ತೂರಿನ ಚೆನ್ನಮ್ಮ ಬ್ರಿಟಿಷರನ್ನು ಸೋಲಿಸಿದ್ದು 1824. ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ 1924. ಸ್ವಾತಂತ್ರ್ಯ 1947. ಕನ್ನಡನಾಡು ಒಂದಾದದ್ದು 1956. ಈ ಹಗ್ಗ ಯಾಕೆ ಬೇಕು ಎಂದರೆ, ನಾಳೆ ಮಗುವಿನ ಫೋನಿಗೆ ‘ಚೆನ್ನಮ್ಮ ಶಿವಾಜಿಯೊಡನೆ ಹೋರಾಡಿದಳು’ ಎಂಬಂಥ ಸಂದೇಶ ಬಂದರೆ ಮಗು ಒಡನೆಯೇ ನಿಂತು ನೋಡಬೇಕು. ಶಿವಾಜಿ ತೀರಿಕೊಂಡದ್ದು 1680ರಲ್ಲಿ. ಅವನ ಸೈನ್ಯವನ್ನು ಎದುರಿಸಿದವಳು ಬೆಳವಡಿಯ ಮಲ್ಲಮ್ಮ. ಇಬ್ಬರೂ ಇಂದಿನ ಬೆಳಗಾವಿ ಜಿಲ್ಲೆಯ ವೀರ ರಾಣಿಯರು, ನಡುವೆ ಸುಮಾರು ಒಂದೂವರೆ ಶತಮಾನದ ಅಂತರ. ಹಗ್ಗ ಕೈಯಲ್ಲಿರದ ಮಗುವಿಗೆ ಹುಡುಕಿ ನೋಡಬೇಕು ಎಂಬ ಸಂಶಯವೇ ಬರುವುದಿಲ್ಲ. ಸಂಶಯ ಬಾರದಿದ್ದರೆ ಫೋನ್ ಇದ್ದೂ ಪ್ರಯೋಜನವಿಲ್ಲ.

ಸಂಶಯಪಡುವುದನ್ನೂ ಒಂದು ಪಾಠವಾಗಿ ಕಲಿಸಬೇಕು. ಇದು ನನ್ನ ಅತ್ಯಂತ ಪ್ರೀತಿಯ ವಿಷಯ, ಸ್ವಲ್ಪ ಹೆಚ್ಚು ಬರೆದರೆ ಸಹಿಸಿಕೊಳ್ಳಿ.

ನಮ್ಮ ವಿಜಯಪುರದ ಮಕ್ಕಳನ್ನು ‘ಗಣಿತಜ್ಞ ಭಾಸ್ಕರಾಚಾರ್ಯರು ಹುಟ್ಟಿದ್ದು ಎಲ್ಲಿ?’ ಎಂದು ಕೇಳಿ. ಹೆಮ್ಮೆಯಿಂದ ‘ನಮ್ಮ ಬಿಜಾಪುರದಲ್ಲಿ’ ಎನ್ನುತ್ತಾರೆ. ಫೋನಿನಲ್ಲಿ ನೋಡಿದರೂ ಎಷ್ಟೋ ಕಡೆ ಅದೇ ಉತ್ತರ ಸಿಗುತ್ತದೆ. ಅಲ್ಲಿಗೆ ಮುಗಿಯಿತೇ? ನಾನು ತರಬೇತಿಯಲ್ಲಿ ಶಿಕ್ಷಕರಿಗೆ ಇಲ್ಲಿಂದಲೇ ಪಾಠ ಶುರು ಮಾಡಿಸುತ್ತಿದ್ದೆ. ಭಾಸ್ಕರರು ಸ್ವತಃ ಏನು ಹೇಳಿದ್ದಾರೆ? ಶಕವರ್ಷ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ ಹುಟ್ಟಿದೆ, ಮೂವತ್ತಾರನೆಯ ವಯಸ್ಸಿನಲ್ಲಿ ಸಿದ್ಧಾಂತ ಶಿರೋಮಣಿ ರಚಿಸಿದೆ ಎಂದಿದ್ದಾರೆ. ತಮ್ಮ ಮನೆತನದ ಊರು ಸಹ್ಯ ಪರ್ವತದ ಆಶ್ರಯದಲ್ಲಿರುವ ‘ವಿಜ್ಜಡವಿಡ’ ಎಂದಿದ್ದಾರೆ. ಈಗ ಭೂಪಟ ಹಾಸಿ ಎನ್ನುತ್ತಿದ್ದೆ. ನಮ್ಮದು ಎರೆಭೂಮಿಯ ಬಯಲು, ಸಹ್ಯಾದ್ರಿ ಎಲ್ಲಿ, ನಾವು ಎಲ್ಲಿ? ಆಗ ಕೋಣೆಯಲ್ಲಿ ಗುಜುಗುಜು ಶುರುವಾಗುತ್ತಿತ್ತು. ಇನ್ನೊಂದು ಸಾಕ್ಷಿ ಇದೆ. ಮಹಾರಾಷ್ಟ್ರದ ಚಾಳೀಸಗಾಂವ ಬಳಿಯ ಪಾಟಣದಲ್ಲಿ 1207ರ ಶಾಸನ ಸಿಕ್ಕಿದೆ. ಭಾಸ್ಕರರ ಮೊಮ್ಮಗ ಚಾಂಗದೇವ ತನ್ನ ಅಜ್ಜನ ಗ್ರಂಥಗಳ ಅಧ್ಯಯನಕ್ಕಾಗಿ ಅಲ್ಲಿ ಮಠ ಸ್ಥಾಪಿಸಿದ ಎಂದು ಅದು ಹೇಳುತ್ತದೆ. ಹಾಗಾದರೆ ಪಾಟಣವೇ ಹುಟ್ಟೂರೇ? ನಿಲ್ಲಿ, ಶಾಸನ ಹೇಳುವುದು ಮೊಮ್ಮಗ ಅಲ್ಲಿದ್ದ ಎಂದು, ಅಜ್ಜ ಅಲ್ಲಿ ಹುಟ್ಟಿದ ಎಂದಲ್ಲ. ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ‘ವಿಜ್ಜಡವಿಡ’ ಎಂದರೆ ಬಿಜಾಪುರ ಎನ್ನುವವರೂ ಇದ್ದಾರೆ, ಅಲ್ಲ ಎನ್ನುವವರೂ ಇದ್ದಾರೆ.

ಕೆಲವು ಶಿಕ್ಷಕರು ನನ್ನ ಮೇಲೆ ಬೇಸರಪಟ್ಟುಕೊಳ್ಳುತ್ತಿದ್ದರು, ಊರಿನ ಹೆಮ್ಮೆಯನ್ನು ಕಳೆಯುತ್ತೀರಿ ಎಂದು. ನನಗೆ ಹಾಗೆ ಅನಿಸುವುದಿಲ್ಲ. ಒಂದು ಸಾಲಿನ ಉತ್ತರ ಹೊತ್ತು ತಿರುಗುವ ಮಗುವಿಗಿಂತ, ‘ಸಾಕ್ಷಿ ಇಷ್ಟಿದೆ, ಇಷ್ಟೇ ಇದೆ’ ಎನ್ನಬಲ್ಲ ಮಗು ಭಾಸ್ಕರರಿಗೆ ಹೆಚ್ಚು ಹತ್ತಿರದ್ದು. ಲೆಕ್ಕಕ್ಕೆ ಉಪಪತ್ತಿ (ಸಾಧಿಸಿ ತೋರಿಸುವ ಆಧಾರ) ಬೇಕು ಎಂದು ಬಯಸಿದ ಮನುಷ್ಯ ಅವರು.

ಇದೇ ಬಗೆಯಲ್ಲಿ ಗೋಳಗುಮ್ಮಟ. ‘ಜಗತ್ತಿನ ಎರಡನೆಯ ಅತಿ ದೊಡ್ಡ ಗುಮ್ಮಟ’ ಎಂದು ಎಲ್ಲೆಡೆ ಓದುತ್ತೀರಿ. ಯಾವ ಅಳತೆ? ಹೊರಗಿನ ವ್ಯಾಸ ಸುಮಾರು 44 ಮೀಟರ್, ಒಳಗಿನದು ಸುಮಾರು 38. ರೋಮಿನ ಪ್ಯಾಂಥಿಯನ್ ಗುಮ್ಮಟದ ಒಳಗಿನ ವ್ಯಾಸವೇ 43 ಮೀಟರ್ ದಾಟುತ್ತದೆ. ಇಂದಿನ ಕ್ರೀಡಾಂಗಣಗಳ ಛಾವಣಿಗಳನ್ನು ಲೆಕ್ಕಕ್ಕೆ ಹಿಡಿದರೆ ಪಟ್ಟಿಯೇ ಬದಲಾಗುತ್ತದೆ. ಎಂಟನೆಯ ತರಗತಿಯ ಮಕ್ಕಳಿಗೆ ಇದು ಒಂದು ಮಧ್ಯಾಹ್ನದ ಪಾಠ. ಗುಮ್ಮಟದ ಘನತೆ ಇದರಿಂದ ಒಂದು ಗುಲಗಂಜಿಯಷ್ಟೂ ಇಳಿಯುವುದಿಲ್ಲ.

ಫೋನಿನಲ್ಲಿ ಓದುವಾಗ ಸಂಶಯಪಡುವ ಕ್ರಮವನ್ನೂ ಹೇಳಿಕೊಡಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಮೂರು ಬಗೆಯ ಜನರನ್ನು ಕಂಪ್ಯೂಟರ್ ಮುಂದೆ ಕೂಡಿಸಿದರು: ಇತಿಹಾಸದ ಪಂಡಿತರು, ವಿದ್ಯಾರ್ಥಿಗಳು, ಪತ್ರಿಕೆಗಳಲ್ಲಿ ಸತ್ಯಾಸತ್ಯತೆ ಪರೀಕ್ಷಿಸುವ ವೃತ್ತಿಯವರು. ಪಂಡಿತರಲ್ಲಿ ಮತ್ತು ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಪುಟದ ಅಂದಚೆಂದ, ಲಾಂಛನ, ದೊಡ್ಡ ಹೆಸರು ನೋಡಿ ಮೋಸಹೋದರು. ಪರೀಕ್ಷಕರು ಮಾತ್ರ ಪುಟಕ್ಕೆ ಬಂದ ಕೂಡಲೇ ಅದನ್ನು ಬಿಟ್ಟು ಹೊರಗೆ ಹೋದರು. ‘ಇದನ್ನು ಬರೆದವರು ಯಾರು? ಅವರ ಬಗ್ಗೆ ಬೇರೆಯವರು ಏನೆನ್ನುತ್ತಾರೆ?’ ಎಂದು ಪಕ್ಕದ ಕಿಟಕಿಗಳಲ್ಲಿ ನೋಡಿ ಬಂದರು. ನಮಗೆ ಇದು ಹೊಸತೇನಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವವನು ಮಾರುವವನ ಮಾತನ್ನು ಎಷ್ಟು ಹೊತ್ತು ಕೇಳುತ್ತಾನೆ? ಅವನ ಊರಿನವರನ್ನು ಹುಡುಕಿ ವಿಚಾರಿಸುತ್ತಾನೆ. ಎತ್ತಿಗೆ ಮಾಡುವುದನ್ನು ಸುದ್ದಿಗೂ ಮಾಡಬೇಕು ಎಂದು ಹೇಳಿಕೊಟ್ಟರೆ ನಮ್ಮ ಮಕ್ಕಳಿಗೆ ಬೇಗ ಹತ್ತುತ್ತದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಇದು ಇನ್ನಷ್ಟು ತುರ್ತಿನದಾಗಿದೆ. ಅಂಥ ಯಂತ್ರಗಳು ತಪ್ಪನ್ನೂ ಸರಿಯನ್ನೂ ಒಂದೇ ಧಾಟಿಯಲ್ಲಿ, ತಡವರಿಸದೇ ಹೇಳುತ್ತವೆ. ದನಿ ಕೇಳಿ ಸುಳ್ಳು ಹಿಡಿಯುವ ನಮ್ಮ ಹಳೆಯ ಜಾಣ್ಮೆ ಅಲ್ಲಿ ನಡೆಯುವುದಿಲ್ಲ.

ಇನ್ನು ‘ಎಲ್ಲವೂ ಸಿಗುತ್ತದೆ’ ಎಂಬ ಮಾತು. ಅಣ್ಣಾವರೇ, ಅದು ನಿಜವಲ್ಲ. ಇಂಗ್ಲಿಷ್ ವಿಕಿಪೀಡಿಯಾದಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ, ಕನ್ನಡದಲ್ಲಿ ಇರುವುದು ಕೆಲವು ಹತ್ತು ಸಾವಿರ ಮಾತ್ರ. ಆದ್ದರಿಂದ ಮಕ್ಕಳಿಗೆ ಇಂಗ್ಲಿಷ್ ಓದು ಗಟ್ಟಿಯಾಗಿ ಬರಬೇಕು, ಇದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಕನ್ನಡದಲ್ಲಿ ತಡೆಯಿಲ್ಲದೆ ಓದಿ ಅರ್ಥಮಾಡಿಕೊಳ್ಳುವುದು ಅದಕ್ಕಿಂತ ಮೊದಲು. ನಿಮ್ಮ ಶಾಲೆಯ ಐದನೆಯ ತರಗತಿಯ ಪ್ರತಿ ಮಗುವೂ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದುತ್ತದೆಯೇ? ಸಭೆಯಲ್ಲಿ ಕಂಪ್ಯೂಟರ್ ಕೇಳುವ ಮೊದಲು ಈ ಪ್ರಶ್ನೆ ಕೇಳಿ. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಓದಿಸಿ ನೋಡಿ, ಪಟ್ಟಿ ನೋಡಿ ನಂಬಬೇಡಿ.

ಎಷ್ಟೋ ಸಂಗತಿಗಳು ಯಾವ ಭಾಷೆಯಲ್ಲಿಯೂ ಸಿಗುವುದಿಲ್ಲ. ನಾನು ಹುಟ್ಟಿದ ಊರು ಆಲಮಟ್ಟಿಯ ಹಿನ್ನೀರಿನಲ್ಲಿದೆ. ಅಣೆಕಟ್ಟೆಯ ನೀರಿನ ಮಟ್ಟ 519.60 ಮೀಟರಿಗೆ ಏರಿದಾಗ ನಮ್ಮ ಶಾಲೆ, ಹನುಮಪ್ಪನ ಗುಡಿ, ಅಡ್ಡಗಟ್ಟೆ ಬಾವಿ ಎಲ್ಲವೂ ನೀರಿನೊಳಗೆ ಹೋದವು. ಫೋನಿನ ಭೂಪಟದಲ್ಲಿ ಆ ಜಾಗ ನೀಲಿ ಬಣ್ಣ, ಅಷ್ಟೇ. ಯಾವ ಹೊಲಕ್ಕೆ ಏನೆಂದು ಕರೆಯುತ್ತಿದ್ದರು, ಯಾವ ಬಾವಿ ಬರಗಾಲದಲ್ಲಿಯೂ ಬತ್ತುತ್ತಿರಲಿಲ್ಲ, ಅಲ್ಲಿಯ ಹೆಣ್ಣುಮಕ್ಕಳು ಬೀಸುವಾಗ ಯಾವ ಹಾಡು ಹಾಡುತ್ತಿದ್ದರು ಎಂಬುದು ಪುನರ್ವಸತಿ ಕೇಂದ್ರದ ಮುದುಕರ ತಲೆಯಲ್ಲಿ ಮಾತ್ರ ಇದೆ. ಒಂದು ವರ್ಷ ಏಳನೆಯ ತರಗತಿಯ ಮಕ್ಕಳಿಂದ ಆ ಊರಿನ ನಕಾಶೆಯನ್ನು ಹಿರಿಯರ ನೆನಪಿನಿಂದಲೇ ಬರೆಸಿದೆವು. ಇಬ್ಬರು ಅಜ್ಜಂದಿರ ಹೇಳಿಕೆ ಹೊಂದದಿದ್ದಾಗ ಮಕ್ಕಳು ಮೂರನೆಯವರನ್ನು ಹುಡುಕಿಕೊಂಡು ಬಾಗಲಕೋಟೆಯ ನವನಗರದವರೆಗೂ ಹೋಗಿ ಬಂದರು. ಕೇಳುವುದು, ಹೋಲಿಸುವುದು, ಅಳೆಯುವುದು, ಬರೆದಿಡುವುದು ಎಲ್ಲವನ್ನೂ ಆ ಮಕ್ಕಳು ಆ ಒಂದು ಕೆಲಸದಲ್ಲಿ ಕಲಿತರು. ಅಣೆಕಟ್ಟೆಯನ್ನು 524.256 ಮೀಟರಿಗೆ ಎತ್ತರಿಸುವ ಯೋಜನೆ ಇರುವಾಗ, ಮುಂದೆ ಮುಳುಗಲಿರುವ ಊರುಗಳ ಶಾಲೆಗಳು ಈ ಕೆಲಸವನ್ನು ಇಂದೇ ಶುರು ಮಾಡಬೇಕು ಎಂದು ನಾನು ಕೈಮುಗಿದು ಕೇಳುತ್ತೇನೆ. ನಿಮ್ಮೂರಿನಲ್ಲಿಯೂ ಇಂಥದ್ದು ಇದೆ. ಯಾವ ವರ್ಷ ಎಷ್ಟು ಅಡಿಗೆ ಕೊಳವೆಬಾವಿಗೆ ನೀರು ಸಿಕ್ಕಿತು ಎಂಬುದನ್ನು ಮಕ್ಕಳು ಮನೆಮನೆಗೆ ಹೋಗಿ ಬರೆದು ನಕ್ಷೆ ಮಾಡಲಿ. ಅದು ಅಂತರ್ಜಾಲದಲ್ಲಿ ಇಲ್ಲ, ನಿಮಗೆಲ್ಲ ಬೇಕಾಗಿದೆ.

ಪದ್ಯದ ಬಗ್ಗೆ ಒಂದೇ ಮಾತು. ನನ್ನ ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ನೂರಾರು ತ್ರಿಪದಿ ಅವಳ ಬಾಯಲ್ಲಿದ್ದವು. ಮಗಳನ್ನು ಗಂಡನ ಮನೆಗೆ ಕಳಿಸುವ ದಿನ, ಮಳೆ ಬಾರದ ವರ್ಷ, ಸಾವಿನ ಮನೆ, ಎಲ್ಲಕ್ಕೂ ಅವಳಿಗೆ ಮಾತಿತ್ತು. ಅವಳು ಆ ಮಾತನ್ನು ಎಲ್ಲಿಂದಲೋ ತೆಗೆದು ನೋಡುತ್ತಿರಲಿಲ್ಲ. ನಿಮ್ಮ ಮಗಳಿಗೆ ಹತ್ತು ವಚನ, ಹತ್ತು ತ್ರಿಪದಿ ಬಾಯಿಗೆ ಬರಲಿ, ಅರ್ಥ ಸಮೇತ.

ಹೆಣ್ಣುಮಗುವಿನ ತಂದೆಯಾಗಿ ನೀವು ಯೋಚಿಸಬೇಕಾದ ಇನ್ನೊಂದು ವಿಷಯವಿದೆ. ಆ ಫೋನ್ ಯಾರದು? ಬಹುತೇಕ ನಿಮ್ಮದು. ನೀವು ಹೊಲಕ್ಕೆ ಹೋದಾಗ ಅದು ನಿಮ್ಮ ಜೇಬಿನಲ್ಲಿರುತ್ತದೆ. ನಮ್ಮ ಕಡೆ ಗಂಡುಮಗನ ಕೈಗೆ ಫೋನ್ ಬರುವ ವಯಸ್ಸಿಗೆ ಹೆಣ್ಣುಮಗಳ ಕೈಯಿಂದ ಅದನ್ನು ಕಸಿದುಕೊಳ್ಳುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಮದುವೆಯಾದ ಮೇಲೆ ಯಾರ ಕೈಯಲ್ಲಿರುತ್ತದೆಯೋ ಯಾರು ಬಲ್ಲರು. ‘ಮಾಹಿತಿ ಎಲ್ಲರಿಗೂ ಸಿಗುತ್ತದೆ’ ಎನ್ನುವವರು ಈ ಮನೆಗಳೊಳಗೆ ಬಂದು ನೋಡಿಲ್ಲ. ಅವಳು ಕಲಿತ ಲೆಕ್ಕ, ತಿಳಿದ ಕಾನೂನು, ತನ್ನ ದೇಹದ ಬಗೆಗಿನ ಅರಿವು, ಹದಿನೆಂಟು ತುಂಬುವ ಮೊದಲು ಮದುವೆ ಮಾಡುವಂತಿಲ್ಲ ಎಂಬ ಒಂದು ವಾಕ್ಯ, ಇವುಗಳಿಗೆ ಚಾರ್ಜ್ ಬೇಡ, ಯಾರ ಅಪ್ಪಣೆಯೂ ಬೇಡ.

ಸಭೆಯಲ್ಲಿ ಉತ್ತರ ಹೊಳೆಯಲಿಲ್ಲ ಎಂದಿದ್ದೀರಿ. ಕಂಪ್ಯೂಟರ್ ಬೇಡ ಎನ್ನಬೇಡಿ. ಇದ್ದರೆ ಬಳಸಲಿ, ಆದರೆ ಒಂದು ಕಟ್ಟಳೆಯೊಂದಿಗೆ. ಯಾವುದೇ ಪ್ರಶ್ನೆಗೆ ಮಕ್ಕಳು ಮೊದಲು ತಮಗೆ ತಿಳಿದದ್ದನ್ನು ಹಾಳೆಯ ಮೇಲೆ ಬರೆಯಬೇಕು, ತಪ್ಪಾದರೂ ಸರಿ. ಆಮೇಲೆ ಹುಡುಕಬೇಕು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ಬದಲಾಯಿತು, ಯಾಕೆ ಬದಲಾಯಿತು ಎಂದು ಹೇಳಬೇಕು. ಪ್ರಶ್ನೋತ್ತರ ಬರೆಸುವ ಅವಧಿಗಳಲ್ಲಿ ಅರ್ಧದಷ್ಟನ್ನು ಇದಕ್ಕೆ ಕೊಡಿರೆಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಶಿಕ್ಷಕರಿಗೆ ಪರೀಕ್ಷೆಯ ಅಂಕಗಳ ಭಯ ಇರುತ್ತದೆ, ಅವರ ಮೇಲೆ ಹರಿಹಾಯಬೇಡಿ, ಜೊತೆಗೆ ನಿಲ್ಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಊರ ಗ್ರಂಥಾಲಯದಲ್ಲಿ) ಮಕ್ಕಳ ಪುಸ್ತಕಗಳಿರುತ್ತವೆ. ವಾರಕ್ಕೊಂದು ದಿನ ಶಾಲೆ ಅಲ್ಲಿಗೆ ನಡೆದು ಹೋಗಲಿ. ಎಸ್‌ಡಿಎಂಸಿಯ ದುಡ್ಡಿನಲ್ಲಿ ಏನಾದರೂ ಕೊಳ್ಳುವುದಿದ್ದರೆ ಒಂದು ಒಳ್ಳೆಯ ಗೋಡೆ ಭೂಪಟ ಕೊಳ್ಳಿ, ನಾಲ್ಕು ಕೈಮಸೂರ (ಭೂತಗನ್ನಡಿ) ಕೊಳ್ಳಿ.

ಕೈಮಸೂರ ಎಂದೆ, ಅದು ನಿಮ್ಮ ಮಗಳಿಗಾಗಿ. ತಂಗೀ, ಬರುವ ಅಕ್ಟೋಬರಿನಲ್ಲಿ ದಸರೆಯ ರಜೆ ಇರುತ್ತದೆ, ಅಪ್ಪನ ಚಾಟ್ನಿಯೂ ಆಗಿರುತ್ತದೆ. ಹೊಸ ಎಲೆ ಬಿಟ್ಟ ಮೇಲೆ ದಿನಾ ಬೆಳಿಗ್ಗೆ ಇಬ್ಬನಿ ಆರುವ ಮೊದಲು ತೋಟಕ್ಕೆ ಹೋಗು. ಹತ್ತು ಬಳ್ಳಿಗಳನ್ನು ಗುರುತು ಮಾಡಿಕೋ. ಪ್ರತಿ ಬಳ್ಳಿಯಲ್ಲಿ ಎರಡು ಎಲೆ ತಿರುವಿ ಮೇಲೆ ಏನಿದೆ, ಅಡಿಯಲ್ಲಿ ಏನಿದೆ ಎಂದು ನೋಡು. ತಾರೀಕು, ಹಿಂದಿನ ದಿನದ ಮಳೆ, ಕಂಡದ್ದು, ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆ. ಹಳದಿ ಮಚ್ಚೆ ಕಂಡ ದಿನ ಮೊದಲು ನಿನ್ನ ಊಹೆಯನ್ನು ಬರೆದು, ಆಮೇಲೆ ಅಪ್ಪನ ಫೋನ್ ಕೇಳು. ಆ ನೋಟ್‌ಬುಕ್ಕನ್ನು ನನಗೆ ಕಳಿಸಿಕೊಟ್ಟರೆ ಓದಿ, ನನ್ನ ಪ್ರಶ್ನೆಗಳನ್ನು ಅಂಚಿನಲ್ಲಿ ಬರೆದು ತಿರುಗಿ ಕಳಿಸುತ್ತೇನೆ.